‘ಮನೆಯಲ್ಲೇ ಇದ್ದಾಳೆ’ ಎಂಬ ಉತ್ತರ

ಗಣತಿದಾರರು ನಿಮ್ಮ ಮನೆಯ ಬಾಗಿಲಿಗೆ ಬಂದು, “ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದರೆಂದು ಭಾವಿಸಿರಿ. ನಮ್ಮ ಹಳ್ಳಿಗಳಲ್ಲಿ ಯಜಮಾನರ ಬಾಯಿಂದ ಸಾಮಾನ್ಯವಾಗಿ ಬರುವ ಉತ್ತರ, “ಏನೂ ಇಲ್ಲ ಸ್ವಾಮಿ, ಮನೆಯಲ್ಲೇ ಇದ್ದಾಳೆ” ಎಂಬುದು. ಆ ಹೊತ್ತಿಗೆ ಆಕೆ ಕೊಟ್ಟಿಗೆಯ ಸಗಣಿ ಬಾಚಿ, ನೀರು ಹೊತ್ತು ತಂದು, ಮಕ್ಕಳಿಗೆ ಉಣ್ಣಲಿಕ್ಕಿ, ರಾಗಿ ಹೊಲದ ಕಳೆ ತೆಗೆಯಲು ಹೊರಟುಹೋಗಿರುತ್ತಾಳೆ. ಉತ್ತರ ಕೊಟ್ಟವರು ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಕೂಲಿ ಬಾರದ ದುಡಿಮೆಯನ್ನು ದುಡಿಮೆಯೆಂದು ಎಣಿಸುವ ರೂಢಿಯೇ ನಮ್ಮಲ್ಲಿಲ್ಲ. ಆದರೆ ಆ ಒಂದು ಮಾತಿನಿಂದ ಸರ್ಕಾರದ ಕಾಗದದ ಮೇಲೆ ಒಬ್ಬ ಹೆಂಗಸಿನ ಶ್ರಮವು ಇಲ್ಲವಾಗಿಬಿಡುತ್ತದೆ.

ಇದು ಸಣ್ಣ ವಿಷಯವೆಂದು ತಿಳಿಯಬೇಡಿರಿ. 1961ರ ಜನಗಣತಿಯಲ್ಲಿ ದೇಶದ ದುಡಿಯುವ ಸ್ತ್ರೀಯರ ಸಂಖ್ಯೆ ಸುಮಾರು 5.9 ಕೋಟಿ ಎಂದು ದಾಖಲಾಗಿತ್ತು. 1971ರಲ್ಲಿ ಅದು ಸುಮಾರು 3.1 ಕೋಟಿಗೆ ಇಳಿಯಿತು. ಹತ್ತು ವರ್ಷಗಳಲ್ಲಿ ಅರ್ಧದಷ್ಟು ಹೆಂಗಸರು ಕುಡುಗೋಲನ್ನು ಕೆಳಗಿಟ್ಟು ಮನೆ ಸೇರಿದರೇ? ಹಾಗೇನೂ ಅಲ್ಲ. ಬಹುಮಟ್ಟಿಗೆ ಬದಲಾದದ್ದು ಪ್ರಶ್ನೆ. ಆ ಸಲ ‘ಮುಖ್ಯ ಚಟುವಟಿಕೆ’ ಯಾವುದೆಂದು ವಿಚಾರಿಸಲಾಯಿತು. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿದ್ದರೂ ಹೆಂಗಸಿನ ಮುಖ್ಯ ಕೆಲಸ ಗೃಹಕೃತ್ಯವೆಂದೇ ಮನೆಯವರು ಹೇಳಿದರು, ಗಣತಿದಾರರು ಹಾಗೆಯೇ ಬರೆದುಕೊಂಡರು.

ಭಾರತದಲ್ಲಿ ಸ್ತ್ರೀಯರ ಸ್ಥಾನಮಾನವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ಸಮಿತಿಯೊಂದನ್ನು ನೇಮಿಸಿದ್ದೂ ಅದೇ 1971ರಲ್ಲಿ. ‘ಸಮಾನತೆಯ ಕಡೆಗೆ’ ಎಂಬ ಅರ್ಥದ ಹೆಸರನ್ನು ಹೊತ್ತು 1974ರಲ್ಲಿ ಹೊರಬಂದ ಅದರ ವರದಿಯು, ಬರಿಯ ಬೋಧನೆಯನ್ನು ಮಾಡದೆ ಅಂಕಿಗಳನ್ನು ಮುಂದಿಟ್ಟಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ವೇಳೆಗೆ 930 ಮಂದಿ ಮಾತ್ರ ಇದ್ದರು. ದುಡಿಮೆಯ ಲೆಕ್ಕದಲ್ಲೂ ಆಕೆ ಹಿಂದಕ್ಕೆ ಸರಿಯುತ್ತಿದ್ದಳು. ಸ್ವಾತಂತ್ರ್ಯ ಬಂದ ಮೇಲೆ ಎಲ್ಲರ ಸ್ಥಿತಿಯೂ ತಾನಾಗಿಯೇ ಸುಧಾರಿಸುತ್ತಿದೆ ಎಂದು ನಂಬಿದ್ದವರಿಗೆ ಈ ಲೆಕ್ಕವನ್ನು ಅಲ್ಲಗಳೆಯಲು ಸಾಧ್ಯವಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಸಮಾನ ವೇತನದ ಕಾಯಿದೆ 1976ರಲ್ಲಿ ಬಂದಿತು. 1978ರ ತಿದ್ದುಪಡಿಯಿಂದ ಹೆಣ್ಣಿನ ವಿವಾಹದ ಕನಿಷ್ಠ ವಯಸ್ಸು 18 ವರ್ಷಕ್ಕೆ ಏರಿತು. ಕೆಲಸದ ಪ್ರಶ್ನೆಯನ್ನು ಸರಿಪಡಿಸಬೇಕೆಂದು ಮಹಿಳಾ ಸಂಘಟನೆಗಳೂ ವಿದ್ವಾಂಸರೂ ಒತ್ತಾಯಿಸುತ್ತಲೇ ಬಂದರು. ಅದರ ಫಲವಾಗಿ 1991ರ ಜನಗಣತಿಯ ಪ್ರಶ್ನೆಯಲ್ಲಿ, ‘ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿ’ ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಲಾಯಿತು.

ಆದರೂ ಒಲೆಯ ಮುಂದಿನ ದುಡಿಮೆ ಈ ಲೆಕ್ಕದಿಂದ ಹೊರಗೇ ಉಳಿಯಿತು. ಅದಕ್ಕಾಗಿ 2019ರಲ್ಲಿ ರಾಷ್ಟ್ರಮಟ್ಟದ ಕಾಲ ಬಳಕೆ ಸಮೀಕ್ಷೆ ನಡೆಯಿತು. 2024ರಲ್ಲಿ ಮತ್ತೊಮ್ಮೆ ನಡೆಯಿತು. ಹಿಂದಿನ ದಿನ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಇದರಲ್ಲಿ ಗಳಿಗೆ ಗಳಿಗೆಯ ಲೆಕ್ಕ ಕೇಳುತ್ತಾರೆ. 2024ರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಅಂಥ ಕೆಲಸಕ್ಕೆ ಕೈಹಾಕಿದ ಪುರುಷರು 88 ನಿಮಿಷಗಳನ್ನೂ ಕಳೆದಿದ್ದರು. ಮಗುವನ್ನು ಎತ್ತಿ ಆಡಿಸುವುದು, ರೋಗಿಯ ಆರೈಕೆ ಇವು ಇದಕ್ಕೆ ಸೇರಿಲ್ಲ.

ವೈದ್ಯನಾದ ನನಗೆ ಈ ಲೆಕ್ಕವೇಕೆ ಎಂದು ನೀವು ಕೇಳಬಹುದು. ಬಸುರಿಗೆ ವಿಶ್ರಾಂತಿ ಕೊಡಿರೆಂದು ಹೇಳಿದಾಗ, “ಮನೆಯಲ್ಲೇ ಇರುತ್ತಾಳಲ್ಲ ಡಾಕ್ಟ್ರೇ, ವಿಶ್ರಾಂತಿಯೇ!” ಎನ್ನುವ ಗಂಡಂದಿರು ನನಗೆ ಹೊಸಬರಲ್ಲ. ಆಸ್ಪತ್ರೆಯ ಪುಸ್ತಕದಲ್ಲಿರುವುದು ಆಸ್ಪತ್ರೆಗೆ ಬಂದವರ ಲೆಕ್ಕ ಮಾತ್ರ. ಬಾರದವರನ್ನು ಕಾಣಬೇಕಾದರೆ ಅವರ ಮನೆಗೇ ಹೋಗಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹಾಗೆ ಹೋಗಿ ರಕ್ತ ಪರೀಕ್ಷಿಸಿದಾಗ, 2019–21ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದಾರೆ. ಗಂಡಂದಿರ ಸಾಲಿನಲ್ಲಿ ಅಚ್ಚಾಗಿರುವುದು 0.0. ಹೊಟ್ಟೆಯನ್ನು ಕೊಯ್ಯದೆ, ಸ್ವಲ್ಪ ಹೊತ್ತಿನಲ್ಲೇ ಮುಗಿದು, ಅಂದೇ ಮನೆಗೆ ಹೋಗಬಹುದಾದ ಶಸ್ತ್ರಕ್ರಿಯೆ ಗಂಡಸರದು. ಆದರೂ ಈ ಭಾರವೂ ಆಕೆಯದೇ.

ಮುಂದಿನ ಜನಗಣತಿಯನ್ನು 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಸುವುದಾಗಿ ಕೇಂದ್ರ ಸರ್ಕಾರವು 2025ರ ಜೂನ್‌ನಲ್ಲಿ ಪ್ರಕಟಿಸಿದೆ. ಗಣತಿದಾರರು ಬಂದಾಗ ಮನೆಯೊಡತಿಯನ್ನೂ ಕರೆಯಿರಿ. ಆಕೆಯ ಹೊಲದ ಕೆಲಸ, ಹೈನು, ರೇಷ್ಮೆ ಸಾಕಣೆ, ಬೀಡಿ ಕಟ್ಟುವುದು ಎಲ್ಲವನ್ನೂ ಆಕೆಯೇ ಹೇಳಲಿ. 1948ರ ಜನಗಣತಿ ಕಾಯಿದೆಯಂತೆ ನಿಮ್ಮ ಉತ್ತರಗಳು ಗೋಪ್ಯವಾಗಿರುತ್ತವೆ.

ಇನ್ನೊಂದು ಬಗೆಯ ಪ್ರಶ್ನೆಯಿದೆ. ಕುಟುಂಬ ಆರೋಗ್ಯ ಸಮೀಕ್ಷೆಯು 1998–99ರಲ್ಲಿ ಮೊದಲ ಬಾರಿಗೆ, ಮನೆಯಲ್ಲಿ ಹೊಡೆತ ಬಿದ್ದದ್ದುಂಟೇ ಎಂದು ಹೆಂಗಸರನ್ನು ಕೇಳಿತು. ಅಲ್ಲಿಯವರೆಗೆ ಇದು ಎಲ್ಲೋ ಕೆಲವು ಕುಡುಕರ ಮನೆಯ ಮಾತೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ 2005ರಲ್ಲಿ ಬಂದಿತು. ಪತಿಯಿಂದ ಹಿಂಸೆಯನ್ನು ಅನುಭವಿಸಿದ್ದೇವೆಂದು ಹೇಳಿದ ಸ್ತ್ರೀಯರು ಕರ್ನಾಟಕದಲ್ಲಿ 2015–16ರಲ್ಲಿ ನೂರಕ್ಕೆ 20.6ರಷ್ಟಿದ್ದರೆ, 2019–21ರಲ್ಲಿ 44.4ರಷ್ಟಾದರು. ಹಿಂಸೆಯೇ ಹೆಚ್ಚಿತೋ, ಹೇಳುವ ಧೈರ್ಯ ಬಂದಿತೋ, ಈ ಎರಡು ಅಂಕಿಗಳಿಂದಷ್ಟೇ ತೀರ್ಮಾನಿಸಲಾಗದು. ಎರಡರಲ್ಲಿ ಯಾವುದೇ ಆದರೂ ಇದು ನಾವು ಗಂಡಸರು ತಲೆ ತಗ್ಗಿಸಬೇಕಾದ ಸಂಖ್ಯೆ.

ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳೇ ಸ್ತ್ರೀಗೆ, ಏಕಾಂತದಲ್ಲಿ ಮಾತ್ರ ಕೇಳಬೇಕೆಂಬ ನಿಯಮವಿದೆ. ಏಕಾಂತ ದೊರೆಯದಿದ್ದರೆ ಕೇಳುವಂತಿಲ್ಲ. ಆದುದರಿಂದ ಸಮೀಕ್ಷೆಗೆ ಬಂದಾಕೆ, “ಇವರೊಡನೆ ಸ್ವಲ್ಪ ಒಳಗೆ ಕುಳಿತು ಮಾತನಾಡುತ್ತೇನೆ” ಎಂದರೆ, ಯಜಮಾನರೂ ಅತ್ತೆಯವರೂ ಅಷ್ಟು ಹೊತ್ತು ಹೊರಗೆ ಜಗಲಿಯ ಮೇಲೆ ಕುಳಿತಿರಬೇಕು.