ಜನ ಸಿಗೋದಿಲ್ಲ ಅನ್ನುವ ಭಯ

ಗೂಡಲೂರಿನ ಸಣ್ಣ ಚಹಾ ಬೆಳೆಗಾರರಿಗೆ ಹಸಿರೆಲೆಯ ದರ ಈಗ ವಾಟ್ಸಾಪ್‌ನಲ್ಲೇ ಗೊತ್ತಾಗುತ್ತದೆ. ನಮ್ಮ ಅಪ್ಪನ ಫೋನಿನಲ್ಲಿ ಇಂಥ ಗುಂಪುಗಳು ತಮಿಳಿನದೊಂದು, ಮಲಯಾಳದ್ದೊಂದು, ನಮ್ಮ ಕನ್ನಡ ಮನೆಗಳದ್ದೊಂದು. ಆ ಸಂದೇಶಗಳನ್ನು ಫೋನಿನಿಂದ ಫೋನಿಗೆ ದಾಟಿಸುವ ಸರ್ವರ್‌ಗಳಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಎರ್ಲಾಂಗ್. ಬೆಂಗಳೂರಿನ ಕಂಪನಿಗಳಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಬರೆದು, ಕೋವಿಡ್ ನಂತರ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿರುವ ನಾನು, ಎರ್ಲಾಂಗ್ ಬಲ್ಲವರು ಬೇಕು ಎಂಬ ಜಾಹೀರಾತು ನೋಡಿದ್ದು ಬಹಳ ಅಪರೂಪ. ಜಾವಾ ಬಲ್ಲವರು ಬೇಕೆಂಬುದನ್ನು ನೋಡದ ದಿನವೇ ಇಲ್ಲ.

ಎರ್ಲಾಂಗ್ ಹುಟ್ಟಿದ್ದು 1986ರ ಸುಮಾರಿಗೆ, ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ. ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರ ಮುಂದಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಸಮಸ್ಯೆ. ಸಾವಿರಾರು ಕರೆಗಳು ಒಟ್ಟಿಗೇ ನಡೆಯಬೇಕು. ಒಬ್ಬರ ಕರೆ ಕೆಟ್ಟರೆ ಪಕ್ಕದವರ ಕರೆ ಕಡಿಯಬಾರದು. ಪ್ರೋಗ್ರಾಂನಲ್ಲಿ ತಪ್ಪು ಸಿಕ್ಕರೆ ಎಕ್ಸ್‌ಚೇಂಜ್ ನಿಲ್ಲಿಸದೆಯೇ ತಿದ್ದಬೇಕು. ಇದಕ್ಕಾಗಿಯೇ ಕಟ್ಟಿದ ಭಾಷೆ ಅದು. 1998ರಲ್ಲಿ ಎರಿಕ್ಸನ್ ಎಎಕ್ಸ್‌ಡಿ 301 ಎಂಬ ದೊಡ್ಡ ಸ್ವಿಚ್ ಹೊರತಂದಿತು. ಅದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಎರ್ಲಾಂಗ್ ಕೋಡ್ ಇತ್ತು, ಕೆಲಸವೂ ಚೆನ್ನಾಗಿಯೇ ಆಗಿತ್ತು. ಅದೇ ವರ್ಷ ಎರಿಕ್ಸನ್ನಿನದೇ ರೇಡಿಯೋ ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬಳಸಕೂಡದೆಂದು ನಿಷೇಧ ಹಾಕಿತು.

ಗೆದ್ದ ಭಾಷೆಯನ್ನು ಹೆತ್ತ ಮನೆಯೇ ಹೊರಗಿಟ್ಟದ್ದು ಯಾಕೆ? ನಿಷೇಧ ಹಾಕಿದವರ ಲೆಕ್ಕವನ್ನು ನಾನು ತಳ್ಳಿಹಾಕಲಾರೆ. ಒಂದು ಭಾಷೆಯನ್ನು ಹೆಚ್ಚಾಗಿ ನಾವೊಬ್ಬರೇ ಬಳಸುತ್ತಿದ್ದರೆ, ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಅದರ ಕಂಪೈಲರಿನ ರಿಪೇರಿ, ಹೊಸಬರಿಗೆ ತರಬೇತಿ, ಪುಸ್ತಕ, ಸಲಕರಣೆ ಎಲ್ಲವೂ ನಮ್ಮ ಖರ್ಚಿಗೇ ಬೀಳುತ್ತದೆ. ಸಿ++ ಆದರೆ ಆ ಹೊರೆಯನ್ನು ಇಡೀ ಜಗತ್ತು ಹೊರುತ್ತದೆ. ನಮ್ಮ ಗುಡ್ಡದ ದಾರಿಗೆ ಜೀಪ್ ಕೊಳ್ಳುವವರು ಇಂಜಿನ್ ಎಷ್ಟು ಚೆಂದ ಎಂದು ಕೇಳುವ ಮೊದಲು ಸ್ಪೇರ್ ಪಾರ್ಟ್ಸ್ ಪಂದಲೂರಿನಲ್ಲೂ ಸಿಗುತ್ತದಾ ಎಂದು ಕೇಳುತ್ತಾರಲ್ಲ, ಹಾಗೆ.

ನಿಷೇಧ ಬಿದ್ದ ವರ್ಷವೇ, ಡಿಸೆಂಬರಿನಲ್ಲಿ, ಎರ್ಲಾಂಗ್ ಎಲ್ಲರಿಗೂ ಮುಕ್ತವಾಯಿತು. ಆರ್ಮ್‌ಸ್ಟ್ರಾಂಗ್ ಮತ್ತು ಹಲವರು ಕೆಲಸ ಬಿಟ್ಟು ಹೊಸ ಕಂಪನಿ ಕಟ್ಟಿದರು. 2009ರಲ್ಲಿ ಶುರುವಾದ ವಾಟ್ಸಾಪ್ ಈ ಭಾಷೆಯನ್ನು ಹಿಡಿಯಿತು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಳ್ಳಲು ಮುಂದಾದಾಗ ಬಳಕೆದಾರರು ಸುಮಾರು 45 ಕೋಟಿ, ಇಂಜಿನಿಯರುಗಳು 32. ಅಷ್ಟೇ ಜನ ಸಾಕಾಗುವ ಕಂಪನಿಗೆ ಮಾರುಕಟ್ಟೆಯಲ್ಲಿ ಎರ್ಲಾಂಗ್ ಬಲ್ಲವರು ಸಾವಿರಾರು ಇದ್ದರೇನು, ಇಲ್ಲದಿದ್ದರೇನು!

ನಮ್ಮ ದೇಶದಲ್ಲಿ ಲೆಕ್ಕ ಬೇರೆ. ಇಲ್ಲಿ ಐಟಿ ಉದ್ಯಮ ಬೆಳೆದದ್ದು ಬೇರೆಯವರ ಸಾಫ್ಟ್‌ವೇರನ್ನು ಮಾಡಿಕೊಟ್ಟು, ನೋಡಿಕೊಂಡು. ಬಹಳ ಕಡೆ ಬಿಲ್ ಆಗುವುದು ತಲೆ ಎಣಿಸಿ, ಗಂಟೆ ಎಣಿಸಿ. ಒಂದು ಪ್ರಾಜೆಕ್ಟ್ ಮುಗಿದರೆ ಅಲ್ಲಿದ್ದವರನ್ನು ಇನ್ನೊಂದಕ್ಕೆ ಕಳಿಸಬೇಕು. ನಡುವೆ ಕೆಲಸವಿಲ್ಲದೆ ಬೆಂಚಿನಲ್ಲಿ ಕೂತ ಪ್ರತಿ ದಿನ ನಷ್ಟ. ಎಲ್ಲರಿಗೂ ಒಂದೇ ಭಾಷೆ ಬಂದರೆ ಯಾರನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಅಲ್ಲದೆ ಭಾಷೆ ಯಾವುದೆಂದು ತೀರ್ಮಾನಿಸುವುದು ಎಷ್ಟೋ ಸಲ ದೂರದ ಕ್ಲೈಂಟ್. ಕಂಪನಿಗಳು ಜಾವಾ ಕೇಳುತ್ತವೆಂದು ಕಾಲೇಜು ಜಾವಾ ಕಲಿಸುತ್ತದೆ, ಕಾಲೇಜಿನಿಂದ ಜಾವಾದವರೇ ಬರುತ್ತಾರೆಂದು ಕಂಪನಿ ಜಾವಾದಲ್ಲೇ ಬರೆಸುತ್ತದೆ. ಈ ಸುತ್ತು ಒಮ್ಮೆ ತಿರುಗಲು ಶುರುವಾದ ಮೇಲೆ ಭಾಷೆಯ ಗುಣ ಎಂಥದ್ದೆಂದು ಯಾರೂ ಕೇಳುವುದಿಲ್ಲ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ.

ಅಪರೂಪದ ಭಾಷೆಗೆ ಜನ ಸಿಗುವುದಿಲ್ಲವೆಂಬ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಬೆಲೆ ಲೆಕ್ಕ ಹಾಕುವ ಭಾಗವನ್ನು ಒಬ್ಬನೇ ಇಂಜಿನಿಯರ್ ಕ್ಲೋಜರ್ ಎಂಬ ಭಾಷೆಯಲ್ಲಿ ಬರೆದ. ಬಹಳ ಸೊಗಸಾದ, ಚಿಕ್ಕ ಕೋಡ್. ಅವನ ನೋಟಿಸ್ ಪಿರಿಯಡ್ ಮುಗಿಯುವವರೆಗೂ ಉಳಿದವರಿಗೆ ಅದನ್ನು ಕಲಿಯಲು ಸಮಯ ಕೊಡಲಿಲ್ಲ. ಅವನು ಹೋದ ಮೇಲೆ ತೆರಿಗೆಯ ದರ ಬದಲಾಯಿತು, ಆ ಕೋಡನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಎಲ್ಲವನ್ನೂ ಜಾವಾದಲ್ಲಿ ಹೊಸದಾಗಿ ಬರೆಸಿದರು. ಮ್ಯಾನೇಜರು ಬೈದದ್ದು ಭಾಷೆಯನ್ನು. ಒಬ್ಬನ ತಲೆಯೊಳಗೇ ಎಲ್ಲವನ್ನೂ ಇಟ್ಟದ್ದು ಭಾಷೆಯ ತಪ್ಪಲ್ಲ ಎಂದು ನಾನು ಮೀಟಿಂಗಿನಲ್ಲಿ ಹೇಳಿದೆ, ಈಗಲೂ ಅದನ್ನೇ ಹೇಳುತ್ತೇನೆ. ಅದೇ ಬೆಂಗಳೂರಿನಲ್ಲಿ ನಿಲೆನ್ಸೊ ಎಂಬ, ಕೆಲಸಗಾರರೇ ಒಡೆಯರಾಗಿರುವ ಸಣ್ಣ ಸಂಸ್ಥೆ ಕ್ಲೋಜರ್‌ನಲ್ಲಿ ವರ್ಷಗಳಿಂದ ಕೆಲಸ ಮಾಡಿದೆ. ಅಲ್ಲಿ ಅದು ಒಬ್ಬನ ಗುಟ್ಟಲ್ಲ, ಮನೆಮಂದಿಯೆಲ್ಲ ಆಡುವ ಮಾತು.

ಇನ್ನೂ ದೊಡ್ಡ ಉದಾಹರಣೆ ನಮ್ಮ ಯಾತ್ರಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಆಟೋ ಚಾಲಕರ ಒಕ್ಕೂಟದ ಜೊತೆ ಸೇರಿ ಶುರುವಾದ, ಚಾಲಕರಿಂದ ಕಮಿಷನ್ ಹಿಡಿಯದ ಆ್ಯಪ್ ಅದು. ಅದನ್ನು ಕಟ್ಟಿದ್ದು ಜಸ್‌ಪೇ. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಕಂಪನಿಯ ಮುಖ್ಯ ಕಸುಬು ಆನ್‌ಲೈನ್ ಹಣ ಪಾವತಿ. ಆ್ಯಪಿನ ಹಿಂದೆ ಸರ್ವರ್‌ನಲ್ಲಿ ಓಡುವುದು ಹ್ಯಾಸ್ಕೆಲ್. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞನ ಹೆಸರಿನ ಈ ಭಾಷೆಯ ಮೊದಲ ರೂಪ ಹೊರಬಿದ್ದದ್ದು 1990ರಲ್ಲಿ, ವಿಶ್ವವಿದ್ಯಾಲಯಗಳ ಕೋಣೆಗಳಿಂದ. ವ್ಯಾಪಾರಕ್ಕೆ ಆಗಿಬರುವುದಿಲ್ಲವೆಂದು ಬಹಳ ಜನ ಬದಿಗಿಟ್ಟ ಭಾಷೆ.

ಹಣ ಮುಟ್ಟುವ ಕಂಪನಿಗೆ ಇದು ಯಾಕೆ ಹಿಡಿಸಿತು? ಆಟೋ ಕರೆದಿದ್ದೀರಿ, ಚಾಲಕ ಇನ್ನೂ ಸಿಕ್ಕಿಲ್ಲ ಎಂದುಕೊಳ್ಳಿ. ಜಾವಾದಂಥ ಭಾಷೆಯಲ್ಲಿ ಚಾಲಕನ ಜಾಗ ಖಾಲಿ ಇರುವುದನ್ನು ಮರೆತು ಅವನ ಫೋನ್ ನಂಬರ್ ಕೇಳುವ ಸಾಲು ಬರೆದರೂ ಪ್ರೋಗ್ರಾಂ ತಯಾರಾಗುತ್ತದೆ. ನಡುರಾತ್ರಿ ಯಾರೋ ಪ್ರಯಾಣಿಕರ ಫೋನಿನಲ್ಲಿ ಕೆಡುತ್ತದೆ. ಹ್ಯಾಸ್ಕೆಲ್‌ನಲ್ಲಿ ‘ಚಾಲಕ ಇರಬಹುದು, ಇಲ್ಲದಿರಬಹುದು’ ಎಂಬುದನ್ನೇ ಮೊದಲು ಬರೆಯುತ್ತೀರಿ. ಇದ್ದೇ ಇದ್ದಾನೆಂದುಕೊಂಡು ಮುಂದೆ ಹೋಗುವ ಸಾಲನ್ನು ಕಂಪೈಲರ್ ಒಪ್ಪುವುದಿಲ್ಲ. ತಪ್ಪು ಬರೆದವನ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಕಲಿಯಲು ತಿಂಗಳುಗಳು ಬೇಕು, ಕಂಪೈಲ್ ಆಗಲು ಕಾಯಬೇಕು, ಬೇರೆಡೆ ರೆಡಿ ಸಿಗುವ ಲೈಬ್ರರಿಯನ್ನು ಕೆಲವೊಮ್ಮೆ ಕೈಯಾರೆ ಬರೆದುಕೊಳ್ಳಬೇಕು. ಆ ಬೆಲೆಯನ್ನು ತಿಂಗಳ ಸಂಬಳ ಕೊಟ್ಟು ಹೊಸಬರಿಗೆ ಕಲಿಸಲು ಸಿದ್ಧವಿರುವ ಒಡೆಯನೇ ತೆರಬಲ್ಲ. ಸಾಮಾನ್ಯ ಹೋಟೆಲ್ ಬುಕಿಂಗ್ ವೆಬ್‌ಸೈಟಿಗೆ ಹ್ಯಾಸ್ಕೆಲ್ ಬೇಕೆನ್ನುವವರ ಜೊತೆ ನಾನಿಲ್ಲ. ಊಟಿ ರಸ್ತೆಯ ಲಾಡ್ಜೊಂದು ಕೇಳಿದಾಗ ಪಿಎಚ್‌ಪಿಯಲ್ಲೇ ಮಾಡಿಕೊಟ್ಟೆ, ನಾಳೆ ನಾನಿಲ್ಲದಿದ್ದರೂ ಅದನ್ನು ನೋಡಿಕೊಳ್ಳುವವರು ಮೈಸೂರಿನಲ್ಲೂ ಕೊಯಮತ್ತೂರಿನಲ್ಲೂ ಇದ್ದಾರೆ.

ಹೆಚ್ಚು ಜನ ಬಲ್ಲ ಭಾಷೆಯೇ ಸುರಕ್ಷಿತ ಎಂಬ ಮಾತಿಗೂ ಕಾಲದ ಮಿತಿಯಿದೆ. 1959ರಲ್ಲಿ ರೂಪುಗೊಂಡ ಕೋಬಾಲ್ ಒಂದು ಕಾಲಕ್ಕೆ ಬ್ಯಾಂಕು, ಸರ್ಕಾರಗಳ ರಾಜಭಾಷೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ನಿರುದ್ಯೋಗ ಭತ್ಯೆಯ ಅರ್ಜಿಗಳು ಒಮ್ಮೆಲೇ ನುಗ್ಗಿದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರು ಕೋಬಾಲ್ ಬಲ್ಲವರು ಸ್ವಯಂಸೇವೆಗೆ ಬನ್ನಿ ಎಂದು ಪತ್ರಿಕಾಗೋಷ್ಠಿಯಲ್ಲಿ ಕೇಳಬೇಕಾಯಿತು.

ನಮ್ಮ ಅಣ್ಣನ ಮಗಳು ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಓಣಂ ರಜೆಗೆ ಬಂದಾಗ, “ಚಿಕ್ಕಪ್ಪ, ಪ್ಲೇಸ್‌ಮೆಂಟಿಗೆ ಜಾವಾ ಕೇಳ್ತಾರೆ, ಅಷ್ಟು ಬಂದ್ರೆ ಸಾಕಲ್ವಾ?” ಅಂದಳು. ಜಾವಾ ಚೆನ್ನಾಗಿ ಕಲಿ, ಬಿಡಬೇಡ ಅಂದೆ. ಜೊತೆಗೆ ನಮ್ಮ ಯಾತ್ರಿಯ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ಓದಬಹುದು, ಬಾಡಿಗೆ ಲೆಕ್ಕ ಹಾಕುವ ಭಾಗ ತೆಗೆದು ನೋಡು ಎಂದೆ. ಎರಡು ದಿನ ಗೊಣಗಿದಳು. ಆಮೇಲೆ ತನ್ನ ಕಾಲೇಜಿನ ಜಾವಾ ಪ್ರಾಜೆಕ್ಟಿನಲ್ಲಿ ಖಾಲಿ ಇರಬಹುದಾದ ಜಾಗಗಳನ್ನೆಲ್ಲ ಹುಡುಕಿ ಗುರುತು ಹಾಕತೊಡಗಿದಳು. ಈಗ ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟನ್ನು ಹ್ಯಾಸ್ಕೆಲ್‌ನಲ್ಲಿ ಮಾಡಲು ಇನ್ನಿಬ್ಬರು ಗೆಳತಿಯರನ್ನು ಒಪ್ಪಿಸುತ್ತಿದ್ದಾಳೆ. ಒಬ್ಬಳೇ ಮಾಡಬೇಡ ಎಂದು ಹೇಳಿದ್ದು ನಾನೇ.