ಪ್ರಾಸ್ಟೇಟ್ ಕ್ಯಾನ್ಸರ್: ಚಿಕಿತ್ಸೆ ಮುಗಿದ ಮೇಲಿನ ಎಚ್ಚರ



ಕಳೆ ಕಿತ್ತ ಗದ್ದೆಗೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ಇಳಿದು ನೋಡದ ರೈತನಿಲ್ಲ. ಬೇರಿನ ತುಂಡು ಎಲ್ಲಾದರೂ ಉಳಿದಿರಬಹುದೆಂದು ಅವನಿಗೆ ಗೊತ್ತು. ಆದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು, ಅಥವಾ ಜನ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ಪಡೆದು ಮನೆಗೆ ಬಂದ ಹಿರಿಯರಲ್ಲಿ, "ನೋವಿಲ್ಲ, ಇನ್ನೇಕೆ ಆಸ್ಪತ್ರೆ?" ಎಂದು ತಪಾಸಣೆ ಬಿಟ್ಟುಬಿಡುವವರುಂಟು. ಈ ರೋಗ ಮರುಕಳಿಸುವಾಗ ಸಾಮಾನ್ಯವಾಗಿ ಮೊದಲ ಸುಳಿವು ಸಿಗುವುದು ನೋವಿನಲ್ಲಲ್ಲ, ರಕ್ತದಲ್ಲಿ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಜೀವಕೋಶಗಳು ಪಿ.ಎಸ್.ಎ. ಎಂಬ ಪ್ರೋಟೀನನ್ನು ತಯಾರಿಸುತ್ತವೆ. ರಕ್ತಪರೀಕ್ಷೆಯಿಂದ ಅದನ್ನು ಅಳೆಯಬಹುದು.

ಆಪರೇಷನ್‌ನಲ್ಲಿ ಇಡೀ ಗ್ರಂಥಿಯನ್ನೇ ತೆಗೆದಿದ್ದರೆ, ಒಂದೆರಡು ತಿಂಗಳೊಳಗೆ ಪಿ.ಎಸ್.ಎ. ಅಳತೆಗೆ ಸಿಗದಷ್ಟು ಇಳಿಯಬೇಕು. ಮುಂದೆ ಅದು ಒಂದು ಮಿಲಿಲೀಟರ್ ರಕ್ತದಲ್ಲಿ 0.2 ನ್ಯಾನೋಗ್ರಾಂ ಅಥವಾ ಹೆಚ್ಚಾಗಿ, ಎರಡನೆಯ ಪರೀಕ್ಷೆಯಲ್ಲೂ ಹಾಗೆಯೇ ಕಂಡರೆ, ರೋಗ ಮರುಕಳಿಸಿದೆ ಎಂದು ವೈದ್ಯರು ಭಾವಿಸುತ್ತಾರೆ.

ವಿಕಿರಣ ಚಿಕಿತ್ಸೆಯ ಲೆಕ್ಕವೇ ಬೇರೆ. ಇಲ್ಲಿ ಗ್ರಂಥಿ ದೇಹದಲ್ಲೇ ಇರುತ್ತದೆ. ಆದ್ದರಿಂದ ಪಿ.ಎಸ್.ಎ. ನಿಧಾನವಾಗಿ ಇಳಿಯುತ್ತದೆ, ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲವೂ ಹಿಡಿಯಬಹುದು. ನಡುವೆ ತುಸು ಏರಿ ತಾನಾಗಿ ಇಳಿಯುವುದೂ ಉಂಟು. ಅದು ತಲುಪಿದ ಅತಿ ಕಡಿಮೆ ಅಂಕೆಗಿಂತ 2 ಹೆಚ್ಚಾದರೆ ಮರುಕಳಿಕೆ ಎನ್ನುತ್ತಾರೆ. ಉದಾಹರಣೆಗೆ, 0.5ಕ್ಕೆ ಇಳಿದವರಿಗೆ 2.5 ಆ ಗಡಿ. ಆದ್ದರಿಂದ ಆಪರೇಷನ್ ಆದ ನೆರೆಯವರ ರಿಪೋರ್ಟಿಗೆ ನಮ್ಮದನ್ನು ಹೋಲಿಸಿ ಗಾಬರಿಪಡುವುದು ಸಲ್ಲ, ಸಮಾಧಾನಪಡುವುದೂ ಸಲ್ಲ.

ಯಾರಿಗೆ ಮರುಕಳಿಸುವ ಸಂಭವ ಹೆಚ್ಚು? ಇದನ್ನು ಹಳೆಯ ರಿಪೋರ್ಟುಗಳೇ ಬಹುಮಟ್ಟಿಗೆ ಹೇಳುತ್ತವೆ. ಚಿಕಿತ್ಸೆಗೆ ಮೊದಲಿದ್ದ ಪಿ.ಎಸ್.ಎ., ಬಯಾಪ್ಸಿಯ ಗ್ಲೀಸನ್ ಅಂಕ (6ರಿಂದ 10; ಹೆಚ್ಚಾದಷ್ಟೂ ರೋಗ ಉಗ್ರ), ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಂಡಿತ್ತೇ, ವೀರ್ಯಕೋಶಕ್ಕೋ ದುಗ್ಧಗ್ರಂಥಿಗಳಿಗೋ ಹಬ್ಬಿತ್ತೇ ಎಂಬುದನ್ನೆಲ್ಲ ವೈದ್ಯರು ಕೂಡಿಸಿ ನೋಡುತ್ತಾರೆ. ಏರಿಕೆ ಶುರುವಾದ ಮೇಲೆ ಅದರ ವೇಗ ಮುಖ್ಯ. ಅಂಕೆ ಇಮ್ಮಡಿಯಾಗಲು ವರ್ಷಕ್ಕಿಂತ ಹೆಚ್ಚು ಹಿಡಿದರೆ ಅಪಾಯ ಕಡಿಮೆ. ಕೆಲವೇ ತಿಂಗಳಲ್ಲಿ ಇಮ್ಮಡಿಯಾದರೆ ತಡಮಾಡಬಾರದು.

ಏರಿಕೆ ಕಂಡ ಮಾತ್ರಕ್ಕೆ ಎದೆಗುಂದಬೇಕಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಆಪರೇಷನ್ ಆದ 1,997 ಮಂದಿಯ ವಿವರ 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 15 ಮಂದಿಗೆ ಪಿ.ಎಸ್.ಎ. ಮತ್ತೆ ಏರಿತ್ತು. ಏರಿದಂದಿನಿಂದ ರೋಗ ದೇಹದ ಬೇರೆಡೆಗೆ ಹರಡಲು ಮಧ್ಯಮ ಲೆಕ್ಕದಲ್ಲಿ 8 ವರ್ಷ ಹಿಡಿದಿತ್ತು. ಈ ಅವಧಿಯೇ ನಮಗೆ ಸಿಗುವ ಅವಕಾಶ. ಆಪರೇಷನ್ ಆದವರಲ್ಲಿ ಪಿ.ಎಸ್.ಎ. 0.5 ದಾಟುವ ಮೊದಲೇ ವಿಕಿರಣ ಕೊಟ್ಟರೆ ಫಲ ಹೆಚ್ಚು. ಉಳಿದ ರೋಗ ಎಲ್ಲಿದೆಯೆಂದು ಹುಡುಕಲು ಇಂದು ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್ ಇದೆ.

ನಾವು ಮಾಡಬೇಕಾದದ್ದು ಇಷ್ಟೆ: ವೈದ್ಯರು ಹೇಳಿದ ಗಡುವಿಗೆ ಸರಿಯಾಗಿ, ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಬಯಾಪ್ಸಿ ರಿಪೋರ್ಟನ್ನು ಜೋಪಾನವಾಗಿಟ್ಟು, ಪ್ರತಿ ಸಲದ ಅಂಕೆಯನ್ನೂ ತಾರೀಕನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಿತ್ತನೆ, ಕೊಯ್ಲು ಎಂದು ಅಪ್ಪ ಮುಂದೂಡಿದರೂ ಮಕ್ಕಳು ಆ ದಿನವನ್ನು ನೆನಪಿಟ್ಟು ಜೊತೆಗೆ ಹೊರಡಲಿ.