ಫಾಯಾ ಅವರ ಏಳು ಹಾಡು: ನಾವು ತಪ್ಪು ತಿಳಿದದ್ದು

ಸಂಗೀತ ರಚನಕಾರ ಮನುಯೆಲ್ ದೆ ಫಾಯಾ 1914ರಲ್ಲಿ ಪ್ಯಾರಿಸಿನಲ್ಲಿದ್ದಾಗ ಸ್ಪೇನಿನ ಏಳು ಜನಪದ ಹಾಡುಗಳನ್ನು ಕಂಠಕ್ಕೂ ಪಿಯಾನೊಗೂ ಹೊಂದಿಸಿದರು. ಮರುವರ್ಷದ ಜನವರಿಯಲ್ಲಿ ಮ್ಯಾಡ್ರಿಡ್‌ನಲ್ಲಿ ಲುಯಿಸಾ ವೇಲಾ ಅವನ್ನು ಮೊದಲ ಸಲ ಹಾಡಿದರು. ಪಿಯಾನೊ ನುಡಿಸಿದವರು ಫಾಯಾ ಅವರೇ. ನೂರು ವರ್ಷ ಕಳೆದರೂ ಈ ಹಾಡುಗಳ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಹೋಗಿಲ್ಲ. ನಾವೂ ಅವನ್ನು ನಂಬಿದ್ದವರೇ.

ತಪ್ಪು ಕಲ್ಪನೆ: ಹಾಡು ಜನರದು, ಫಾಯಾ ಅದಕ್ಕೊಂದು ಪಿಯಾನೊ ಜೋಡಿಸಿದರು, ಅಷ್ಟೇ.

ವಾಸ್ತವ: ಹಾಡಿನಿಂದ ಹಾಡಿಗೆ ಲೆಕ್ಕ ಬೇರೆ. ಮೊದಲನೆಯ ‘ಎಲ್ ಪಾನ್ಯೊ ಮೊರುನೊ’ದ ಧಾಟಿ 19ನೇ ಶತಮಾನದಲ್ಲೇ ಹೊಸೆ ಇನ್ಸೆಂಗಾ ಅವರ ಸಂಗ್ರಹದಲ್ಲಿ ಅಚ್ಚಾಗಿತ್ತು, ಫಾಯಾ ಅದನ್ನು ಹೆಚ್ಚು ಬದಲಿಸಲಿಲ್ಲ. ‘ಹೋತಾ’ದಲ್ಲಿ ಹಾಗಲ್ಲ. ಅಲ್ಲಿ ಆರಗಾನ್ ಸೀಮೆಯ ಕುಣಿತದ ನಡೆಯನ್ನು ಉಳಿಸಿಕೊಂಡು ಧಾಟಿಯನ್ನು ಬಹುಪಾಲು ತಾವೇ ಕಟ್ಟಿದರು.

ಧಾಟಿ ಬದಲಿಸದ ಕಡೆಯೂ ಕೆಲಸ ಕಡಿಮೆಯಿಲ್ಲ. ‘ಪಾನ್ಯೊ ಮೊರುನೊ’ದಲ್ಲಿ ಕಂಠ ಏಳುವ ಮೊದಲೇ ಪಿಯಾನೊ ಗಿಟಾರಿನಂತೆ ಮಿಡಿಯತೊಡಗುತ್ತದೆ. ಸಾಹಿತ್ಯದಲ್ಲಿರುವುದು ಇಷ್ಟೇ: ಅಂಗಡಿಯ ನಯವಾದ ಬಟ್ಟೆಗೆ ಕಲೆ ಬಿತ್ತು, ಬೆಲೆ ಇಳಿಯಿತು. ಮಾತು ಬಟ್ಟೆಯದಲ್ಲ, ಹೆಣ್ಣಿನ ಮಾನದ್ದು ಎಂದು ಕೇಳುವವರಿಗೆ ಗೊತ್ತು. ಹಾಡು ಬಾಯಿಬಿಟ್ಟು ಹೇಳದ ಆ ಚುಚ್ಚು ಪಿಯಾನೊದಲ್ಲಿದೆ. ಇದೇ ಧಾಟಿಯ ಎಳೆಯನ್ನು ಫಾಯಾ 1919ರ ತಮ್ಮ ಬ್ಯಾಲೆ ‘ಮೂರು ಮೂಲೆಯ ಟೋಪಿ’ಯಲ್ಲಿ ಗಿರಣಿಯವನ ಪಾತ್ರಕ್ಕೆ ಕೊಟ್ಟರು.

ತಪ್ಪು ಕಲ್ಪನೆ: ಸ್ಪೇನಿನ ಹಾಡೆಂದರೆ ಫ್ಲಮೆಂಕೊ, ಕ್ಯಾಸ್ಟನೆಟ್, ಅಬ್ಬರ.

ವಾಸ್ತವ: ಫ್ಲಮೆಂಕೊ ದಕ್ಷಿಣದ ಆಂಡಲೂಸಿಯಾದ್ದು. ಈ ಏಳರಲ್ಲಿ ‘ಅಸ್ತೂರಿಯಾನಾ’ ಉತ್ತರದ ಮಳೆ ಸೀಮೆಯದು. ಸಮಾಧಾನ ಅರಸಿ ಪೈನ್ ಮರದ ಬಳಿ ಹೋದವರ ಅಳು ಕಂಡು ಮರವೂ ಅಳುತ್ತದೆ. ‘ನಾನಾ’ ಮಗು ಮಲಗಿಸುವ ಜೋಗುಳ. ಆಂಡಲೂಸಿಯಾದ ಉರಿ ಸಿಗುವುದು ಕೊನೆಯ ‘ಪೋಲೊ’ದಲ್ಲಿ.

ತಪ್ಪು ಕಲ್ಪನೆ: ಫ್ಲಮೆಂಕೊ ಹಾಡುವ ರೋಮಾ ಜನ ಭಾರತದಿಂದ ಹೋದವರು, ಆದ್ದರಿಂದ ಇವೆಲ್ಲ ನಮ್ಮ ರಾಗಗಳೇ.

ವಾಸ್ತವ: ಮೊದಲರ್ಧ ನಿಜ. ರೋಮಾ ಭಾಷೆಯ ಬೇರು ಉತ್ತರ ಭಾರತದ್ದು. ಆ ಜನ ಸ್ಪೇನ್ ತಲುಪಿದ್ದು 15ನೇ ಶತಮಾನದಲ್ಲಿ. ಆಂಡಲೂಸಿಯಾದಲ್ಲಿ ಬಳಕೆಯಲ್ಲಿರುವ ಫ್ರಿಜಿಯನ್ ಶ್ರೇಣಿಗೂ ನಮ್ಮ ಹನುಮತೋಡಿಗೂ ಸ್ವರಸ್ಥಾನಗಳು ಒಂದೇ ಎಂಬುದೂ ನಿಜ. ಆದರೆ ತೋಡಿಯ ಗಾಂಧಾರದಿಂದ ಕಂಪಿತ ತೆಗೆದರೆ ತೋಡಿ ಉಳಿಯುತ್ತದೆಯೇ? ಸ್ವರ ಹೊಂದಿದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ, ನೆಂಟಸ್ತಿಕೆ ಅಂತೂ ಸಾಬೀತಾಗುವುದಿಲ್ಲ. 1922ರಲ್ಲಿ ಗ್ರನಾಡಾದಲ್ಲಿ ಆಂಡಲೂಸಿಯಾದ ಹಳೆಯ ಗಾಯನವಾದ ಕಾಂತೆ ಹೊಂದೊ ಸ್ಪರ್ಧೆ ನಡೆದಾಗ ಫಾಯಾ ಬರೆದ ಲೇಖನ ಆ ಗಾಯನದ ಮೂಲಗಳಲ್ಲಿ ರೋಮಾ ಜನರ ಜೊತೆಗೆ ಬೈಜಾಂಟೈನ್ ಚರ್ಚಿನ ಗಾಯನವನ್ನೂ ಸ್ಪೇನಿಗೆ ಬಂದ ಮೂರ್ ಮುಸ್ಲಿಮರ ಪ್ರಭಾವವನ್ನೂ ಎಣಿಸುತ್ತದೆ.

ತಪ್ಪು ಕಲ್ಪನೆ: ಕಛೇರಿ ವೇದಿಕೆಗೆ ಏರಿದ ಹಳ್ಳಿ ಹಾಡು ಸತ್ತಂತೆಯೇ.

ವಾಸ್ತವ: 1931ರಲ್ಲಿ ಕವಿ ಲೋರ್ಕಾ ತಾವು ಹೊಂದಿಸಿದ ಹಳೆಯ ಹಾಡುಗಳಿಗೆ ತಾವೇ ಪಿಯಾನೊ ನುಡಿಸಿ, ಲಾ ಅರ್ಹೆಂತಿನೀತಾ ಅವರಿಂದ ಹಾಡಿಸಿ ಧ್ವನಿಮುದ್ರಿಸಿದರು. ಮುಂದೆ ಅದೇ ಹಾಡುಗಳನ್ನು ಫ್ಲಮೆಂಕೊ ಗಾಯಕಿ ಕಾರ್ಮೆನ್ ಲಿನಾರೆಸ್ ಎತ್ತಿಕೊಂಡು ತಮ್ಮ ಒರಟು ಕಂಠದಲ್ಲಿ ಮತ್ತೆ ಹಾಡಿದರು.